ಜಟ್ಟಿ ಬಿದ್ದರೂ ಜಡೆ ಮಣ್ಣಾಗಲಿಲ್ಲ

ಬ್ರಿಟನ್ನಿನ ಎಲಿಜಬೆತ್ ರಾಣಿಯ ರೇಸ್ ಕುದುರೆಗಳನ್ನು ತಯಾರು ಮಾಡುತ್ತಿದ್ದ ಇಯಾನ್ ಬಾಲ್ಡಿಂಗ್ ಒಮ್ಮೆ ಧೈರ್ಯ ಮಾಡಿ, ಬೇರೆ ಯಾರು ಬಿಟ್ಟರೂ ತಾವು ಹೆಲ್ಮೆಟ್ ಬಿಟ್ಟು ಕುದುರೆ ಹತ್ತುವುದು ಸರಿಯಲ್ಲ ಎಂದು ಅರಿಕೆ ಮಾಡಿಕೊಂಡರಂತೆ. ರಾಣಿಯ ಉತ್ತರದ ತಾತ್ಪರ್ಯ ಇಷ್ಟು: ನಾನು ಯಾವತ್ತೂ ಹಾಕಿದವಳಲ್ಲ, ನಿಮಗೇನು, ನನ್ನ ಹಾಗೆ ಕೂದಲು ಸೆಟ್ ಮಾಡಿಸಿಕೊಂಡಿರಬೇಕಾದ ಕರ್ಮವಿಲ್ಲವಲ್ಲ. ಆಡಿದ ಮಾತಿಗೆ ತಪ್ಪಲಿಲ್ಲ. 2020ರಲ್ಲಿ, 94ರ ವಯಸ್ಸಿನಲ್ಲಿ, ವಿಂಡ್ಸರ್ ಅರಮನೆಯ ಆವರಣದಲ್ಲಿ ಪೋನಿ ಹತ್ತಿ ಹೊರಟಾಗಲೂ ತಲೆಗೆ ಕಟ್ಟಿದ್ದು ಬಣ್ಣದ ಸ್ಕಾರ್ಫ್. ಆ ಫೋಟೋ ನೋಡಿ ಜಗತ್ತೇ ಅಜ್ಜಿಯ ಉತ್ಸಾಹಕ್ಕೆ ಕೈಮುಗಿಯಿತು. ಸ್ಕಾರ್ಫ್ ಕೂದಲನ್ನು ಗಾಳಿಯಿಂದ ಕಾಯುತ್ತದೆ, ನಿಜ. ನೆಲದಿಂದ ತಲೆ ಕಾಯುವ ಕೆಲಸವನ್ನು ಅದಕ್ಕೆ ಯಾರೂ ವಹಿಸಿರಲಿಲ್ಲ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ನಮ್ಮವರು ಗರಡಿಮನೆಯ ಪೈಲ್ವಾನರನ್ನು ಹಾಸ್ಯ ಮಾಡಿದರು. ಪಾಪ, ಅವರೇನು ಮಾಡಿದ್ದರು. ಅದೇ ಹೊತ್ತಿಗೆ ಕುದುರೆ ಲಾಯದ ಕಡೆ ಒಮ್ಮೆ ಕಣ್ಣು ಹಾಯಿಸಿದ್ದರೆ ಗಾದೆಯೊಳಗೆ ಮೀಸೆಯ ಜಾಗದಲ್ಲಿ ಜಡೆ ಬಂದು ಕೂರುತ್ತಿತ್ತು.

ಕುದುರೆ ಸವಾರಿಯಲ್ಲಿ ಡ್ರೆಸ್ಸಾಜ್ ಎಂಬ ಸ್ಪರ್ಧೆಯಿದೆ. ಕುದುರೆಗೆ ಭರತನಾಟ್ಯ ಕಲಿಸುವ ವಿದ್ಯೆ ಎಂದುಕೊಳ್ಳಿ. ಅದರ ಮೇಲ್ದರ್ಜೆಯ ಸವಾರರು ಬಹುಕಾಲ ತಲೆಗೆ ಇಡುತ್ತಿದ್ದುದು ಟಾಪ್ ಹ್ಯಾಟು, ಜಾದೂಗಾರರು ಮೊಲ ತೆಗೆಯುತ್ತಾರಲ್ಲ, ಅಂಥದ್ದೇ ಟೋಪಿ. ಮೊಲಕ್ಕೆ ಅದರೊಳಗೆ ಏನಾದರೂ ರಕ್ಷಣೆ ಇದ್ದೀತು. ಮನುಷ್ಯರ ತಲೆಗೆ ಇರಲಿಲ್ಲ. ಡ್ರೆಸ್ಸಾಜಿನಲ್ಲಿ ಬೇಲಿ ಹಾರುವುದಿಲ್ಲ, ನಾಗಾಲೋಟ ಓಡುವುದಿಲ್ಲ, ಬೀಳುವ ಮಾತು ಎಲ್ಲಿಂದ ಬಂತು ಎಂಬುದು ಅವರ ವಾದ. 2010ರ ಮಾರ್ಚಿನಲ್ಲಿ ಅಮೆರಿಕದ ಕೋರ್ಟ್ನಿ ಕಿಂಗ್-ಡೈ ಅಭ್ಯಾಸಕ್ಕೆ ಹತ್ತಿದ್ದ ಕುದುರೆ ಬೇಲಿಯನ್ನೇನೂ ಹಾರಲಿಲ್ಲ. ತನ್ನ ಕಾಲಿಗೆ ತಾನೇ ಎಡವಿತು. ಬೀಜಿಂಗ್ ಒಲಿಂಪಿಕ್ಸಿನಲ್ಲಿ ಸ್ಪರ್ಧಿಸಿ ಬಂದಿದ್ದ ಸವಾರಳ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಬುರುಡೆ ಬಿರಿಯಿತು, ವಾರಗಟ್ಟಲೆ ಕೋಮಾ. ಎದ್ದ ಮೇಲೆ ನಡಿಗೆ, ಮಾತು ಎಲ್ಲವನ್ನೂ ಮತ್ತೆ ಕಲಿಯಬೇಕಾಯಿತು. ಆ ಅಪಘಾತದ ಬೆನ್ನಲ್ಲೇ ಅಮೆರಿಕದಲ್ಲಿ ಹೆಲ್ಮೆಟ್ ಪ್ರಚಾರ ಶುರುವಾಯಿತು.

2012ರ ಲಂಡನ್ ಒಲಿಂಪಿಕ್ಸಿನಲ್ಲಿ ಶಾರ್ಲಟ್ ಡುಜಾರ್ಡಿನ್ ಹೆಲ್ಮೆಟ್ ಹಾಕಿಕೊಂಡೇ ಡ್ರೆಸ್ಸಾಜ್ ಚಿನ್ನ ಗೆದ್ದರು. ಟಾಪ್ ಹ್ಯಾಟ್ ಇಲ್ಲದಿದ್ದರೆ ಕುದುರೆ ಹೆಜ್ಜೆ ಹಾಕುವುದಿಲ್ಲ ಎಂಬ ನಂಬಿಕೆಗೆ ಅಲ್ಲಿಗೆ ಎಳ್ಳುನೀರು ಬಿಡಬಹುದಿತ್ತು. ಬಿಟ್ಟಿದ್ದು ಯಾವಾಗ? ಹೆಲ್ಮೆಟ್ ಕಡ್ಡಾಯವೆಂಬ ಅಂತಾರಾಷ್ಟ್ರೀಯ ಅಶ್ವಾರೋಹಣ ಒಕ್ಕೂಟದ ನಿಯಮ ಜಾರಿಗೆ ಬಂದದ್ದು 2021ರ ಜನವರಿ 1ರಂದು. ಹೋಲಿಕೆಗೆ ಬೇಕಾದರೆ ಇನ್ನೊಂದು ವರ್ಷ ಹೇಳುತ್ತೇನೆ: ಬ್ರಿಟನ್ನಿನ ಬೇಲಿ ಹಾರುವ ರೇಸುಗಳಲ್ಲಿ ಜಾಕಿಗಳಿಗೆ ತಲೆಗವಚ ಕಡ್ಡಾಯವಾದದ್ದು 1924ರಲ್ಲಿ. ಅದರ ಹಿಂದಿನ ವರ್ಷ ಗ್ರ್ಯಾಂಡ್ ನ್ಯಾಷನಲ್ ಗೆದ್ದಿದ್ದ ಸವಾರನೇ ತಲೆಗೆ ಗೊರಸಿನೇಟು ತಿಂದು ಸತ್ತ ಮೇಲೆ. ಕೂಲಿಗೆ ಕುದುರೆ ಓಡಿಸುವವರಿಗೆ ಬಂದ ಬುದ್ಧಿ ಶೋಕಿಗೆ ಕುದುರೆ ಕುಣಿಸುವವರ ಮನೆ ಬಾಗಿಲು ತಟ್ಟಲು ಹೆಚ್ಚೂಕಡಿಮೆ ನೂರು ವರ್ಷ ಹಿಡಿಯಿತು. ಬಹುಶಃ ದಾರಿಯಲ್ಲಿ ಟೋಪಿ ಸರಿಮಾಡಿಕೊಳ್ಳುತ್ತಿತ್ತು.

ಇಂಗ್ಲೆಂಡಿನಲ್ಲಿ ಎರಡೂ ಕಾಲನ್ನು ಒಂದೇ ಪಕ್ಕಕ್ಕೆ ಇಳಿಬಿಟ್ಟು ಕೂರುವ ಹೆಂಗಸರ ಸವಾರಿ ಈಗಲೂ ಇದೆ. ಪ್ರದರ್ಶನದ ದಿನ ಅದರ ಸಾಂಪ್ರದಾಯಿಕ ಗತ್ತೇ ಬೇರೆ: ಟಾಪ್ ಹ್ಯಾಟು, ಮುಖಕ್ಕೆ ತೆಳು ಪರದೆ, ಹಿಂದೆ ನೀಟಾದ ತುರುಬು. ಕೂದಲು ಗಿಡ್ಡ ಮಾಡಿಸಿಕೊಂಡವರು ಹೆದರಬೇಕಿಲ್ಲ, ಸುಳ್ಳು ತುರುಬು ಸಿಗುತ್ತದೆ. ಇಲ್ಲದ ಕೂದಲಿಗೂ ಚೌರಿ ಒದಗಿಸುವಷ್ಟು ದೂರದೃಷ್ಟಿಯಿದ್ದ ಮಂದಿಗೆ ಇದ್ದ ತಲೆ ನೆನಪಾಗಿದ್ದು ಮಾತ್ರ ನಿಧಾನವಾಗಿ.

ಸರಿ, ಕಡ್ಡಾಯವಾಯಿತಲ್ಲ, ತಲೆ ಗೆದ್ದಿತಲ್ಲ ಎನ್ನುವಿರಾ? ಕುದುರೆ ಬೇಲಿ ಹಾರುವ ಅಂದಕ್ಕೆ ಅಂಕ ಕೊಡುವ ಅಮೆರಿಕದ ಹಂಟರ್ ಸ್ಪರ್ಧೆಗಳಿಗೆ ಬನ್ನಿ. ಅಲ್ಲಿ ಪಟ್ಟಿ ಬಿಗಿದ ಹೆಲ್ಮೆಟ್ ಇಲ್ಲದೆ ಕುದುರೆ ಹತ್ತುವಂತಿಲ್ಲ. ಜೊತೆಗೆ ಸವಾರಳ ಕೂದಲು ಹೊರಗೆ ಕಾಣಬಾರದೆಂಬ ಇನ್ನೊಂದು ಕಟ್ಟಳೆಯಿದೆ. ಅದು ರೂಲ್ ಬುಕ್ಕಿಗಿಂತ ಬಿಗಿಯಾದ ಮಡಿ. ಆ ಮಡಿ ಉಡುವ ವಿಧಾನವನ್ನು ಹತ್ತಿರದಿಂದಲೇ ನೋಡಬೇಕು. ಸೊಂಟದವರೆಗಿನ ಕೂದಲನ್ನು ಕತ್ತಿನ ಬುಡದಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟುವುದು. ಎರಡು ಪಕ್ಕದ ಕೂದಲು ಕಿವಿಯ ಮೇಲರ್ಧವನ್ನು ಮುಚ್ಚುವಂತೆ ಜಗ್ಗಿ ಕೂರಿಸುವುದು. ಕೂದಲಿನ ಬಣ್ಣದ್ದೇ ಹೇರ್‌ನೆಟ್ಟನ್ನು ಹಣೆಯಿಂದ ಹಿಂದಕ್ಕೆ ಎಳೆಯುವುದು. ಆಮೇಲೆ ಹುಡುಗಿ ತಲೆ ಬಗ್ಗಿಸಿ ನಿಲ್ಲುತ್ತಾಳೆ. ಬಾಯಲ್ಲಿ ಹೇರ್‌ಪಿನ್ನು ಕಚ್ಚಿಕೊಂಡ ತಾಯಿ ಕಟ್ಟಿದ ಕೂದಲಿನ ಉದ್ದವನ್ನೆಲ್ಲ ನೆತ್ತಿಯ ಮೇಲೆ ಮಡಿಚಿ ಹರಡಿ ಅಂಗೈಯಲ್ಲಿ ತಟ್ಟಿ ಚಪ್ಪಟೆ ಮಾಡುತ್ತಾಳೆ. ಅದು ಜಾರುವ ಮೊದಲೇ ಮೇಲಿಂದ ಹೆಲ್ಮೆಟ್ ಕವುಚಬೇಕು. ಒಂದು ಎಳೆ ಹೊರಬಂದರೂ ಶ್ರೀಗಣೇಶಾಯ ನಮಃ, ಮತ್ತೆ ಮೊದಲಿಂದ.

ಇಷ್ಟೆಲ್ಲ ತುರುಕಿದರೆ ತಲೆ ದಪ್ಪವಾಗದೆ ಇರುತ್ತದೆಯೇ? ಅದಕ್ಕೇ ಅಂಗಡಿಯಲ್ಲೇ ಒಂದು ಸೈಜು ದೊಡ್ಡದನ್ನು ಕೊಂಡಿರುತ್ತಾರೆ. ಸ್ಪರ್ಧೆಯ ದಿನ ಅದು ಹಣೆ ಕಚ್ಚುತ್ತದೆ. ಉಳಿದ ದಿನಗಳಲ್ಲಿ, ಜಡೆಯನ್ನು ಬೆನ್ನಿಗೆ ಬಿಟ್ಟು ಅಭ್ಯಾಸ ಮಾಡುವಾಗ, ಕುದುರೆ ಎಡಕ್ಕೆ ತಿರುಗಿದರೂ ಹೆಲ್ಮೆಟ್ ಇನ್ನೂ ನೇರಕ್ಕೇ ಹೋಗುತ್ತಿರುತ್ತದೆ. ಸ್ಪರ್ಧೆಗಿಂತ ಅಭ್ಯಾಸದ ದಿನಗಳೇ ಹೆಚ್ಚು ಎಂಬ ಲೆಕ್ಕವನ್ನು ಅಂಗಡಿಯಲ್ಲಿ ಯಾರೂ ಹಾಕುವುದಿಲ್ಲ.

ಕುದುರೆಯ ಭಾಗ್ಯವೇ ಬೇರೆ. ಅದೇ ಸ್ಪರ್ಧೆಯ ಹಿಂದಿನ ರಾತ್ರಿ ಅದರ ಕತ್ತಿನ ಕೂದಲಿಗೆ ಉಣ್ಣೆನೂಲು ಸೇರಿಸಿ, ಸಾಲಾಗಿ ಮೂವತ್ತು ನಲವತ್ತು ಪುಟ್ಟ ಜಡೆ ಹೆಣೆಯುತ್ತಾರೆ. ಅದಕ್ಕೆಂದೇ ದುಡ್ಡು ಪಡೆದು ಸ್ಟೂಲು ಹೊತ್ತು ಲಾಯದಿಂದ ಲಾಯಕ್ಕೆ ರಾತ್ರಿಯೆಲ್ಲ ಓಡಾಡುವ ಜಡೆಗಾರರಿದ್ದಾರೆ. ಬೆಳಗಾದರೆ ಅಂಗಳದಲ್ಲಿ ಕುದುರೆಯ ಜಡೆ ಪ್ರದರ್ಶನಕ್ಕೆ, ಅದರ ಮೇಲೆ ಕೂತವಳ ಜಡೆ ಭೂಗತ. ನಮ್ಮ ಕಡೆಯ ಮೊಗ್ಗಿನ ಜಡೆ ಹೆಣೆಯುವವರು ಅಲ್ಲಿಗೆ ಹೋಗಿ ಬೋರ್ಡು ಹಾಕಿದರೆ ವ್ಯಾಪಾರಕ್ಕೆ ಮೋಸವಿಲ್ಲ. ಗಿರಾಕಿ ನಿಂತಲ್ಲೇ ನಿದ್ದೆ ಮಾಡುತ್ತದೆ ಎಂಬುದು ಇನ್ನೊಂದು ಅನುಕೂಲ.

ತಮಾಷೆಯೆಂದರೆ ಅಲ್ಲಿನ ಪುಟ್ಟ ಹುಡುಗಿಯರಿಗೆ ಈ ಮಡಿಯಿಂದ ರಿಯಾಯಿತಿಯಿದೆ. ಎರಡು ಜಡೆ, ತುದಿಗೆ ದೊಡ್ಡ ರಿಬ್ಬನ್ನು, ನೆತ್ತಿಯ ಮೇಲೆ ಏನೂ ಇಲ್ಲ. ಹೆಲ್ಮೆಟ್ಟಿಗೆ ಬೇಕಾದದ್ದೂ ಅದೇ: ಕಿವಿಯ ಹಿಂದೆ, ಕತ್ತಿಗೆ ತಾಗುವಷ್ಟು ಕೆಳಗೆ ಶುರುವಾಗುವ ಒಂದು ಅಥವಾ ಎರಡು ಜಡೆ. ನೂರು ಜುಟ್ಟು ಕೂಡಿದರೂ ಮೂರು ಜಡೆ ಕೂಡವು ಎಂದ ಗಾದೆಕಾರರು ಎರಡು ಜಡೆಯ ಸುದ್ದಿಗೆ ಹೋಗಲಿಲ್ಲ, ಪುಣ್ಯ. ಹುಡುಗಿ ದೊಡ್ಡವಳಾಗುತ್ತಾಳೆ, ಮರ್ಯಾದಸ್ಥಳಾಗುತ್ತಾಳೆ, ಅಂದಿನಿಂದ ಕೂದಲು ನೆತ್ತಿ ಹತ್ತುತ್ತದೆ.

ಕೂದಲು ಒಳಗಿದ್ದರೆ ಮೆತ್ತೆಯ ಹಾಗೆ ಒಳ್ಳೆಯದೇ ಅಲ್ಲವೇ ಎನ್ನುವವರೂ ಇದ್ದಾರೆ. ಚಿಪ್ಪಿನೊಳಗೆ ಇರುವುದು ಟಿವಿ ಡಬ್ಬದಲ್ಲಿ ಬರುವ ಥರ್ಮೋಕೋಲಿನ ಗಟ್ಟಿ ತಮ್ಮ. ಬಿದ್ದಾಗ ತಾನು ನಜ್ಜುಗುಜ್ಜಾಗಿ, ತಲೆ ಪೂರ್ತಿ ನಿಲ್ಲುವುದಕ್ಕೆ ಸೆಕೆಂಡಿನ ಒಂದು ಚೂರನ್ನು ಹೆಚ್ಚಿಗೆ ದೊರಕಿಸಿಕೊಡುವುದೇ ಅದರ ಉದ್ಯೋಗ. ನೆಲ ಮುಟ್ಟುವ ಹೊತ್ತಿಗೆ ಅದು ಕಿವಿಯ ಮೇಲೋ ಕತ್ತಿನ ಮೇಲೋ ಹೋಗಿ ಕೂತಿದ್ದರೆ ಉದ್ಯೋಗ ಮಾಡುವುದೆಲ್ಲಿ? ಕೂದಲು ಜಾರುವ ವಸ್ತು. ಕಾಲುಗಂಟೆ ಕುಕ್ಕೋಟ ಓಡಿಸಿದರೆ ಬೆವರಿಗೆ ಒದ್ದೆಯಾಗಿ ಅಮರಿಕೊಳ್ಳುತ್ತದೆ, ಬೆಳಗ್ಗೆ ಬಿಗಿಯಾಗಿದ್ದದ್ದು ಸಡಿಲವಾಗುತ್ತದೆ. ತುರುಬು ನೆತ್ತಿಯ ಮೇಲಿದ್ದರೆ ಹೆಲ್ಮೆಟ್ ಕೂರುವುದು ತುರುಬಿನ ಮೇಲೆ. ಹಿಂದಲೆಯಲ್ಲಿದ್ದರೆ ಅದು ಮುಂದಕ್ಕೆ ತಳ್ಳಿಸಿಕೊಂಡು ಕಣ್ಣಿಗೆ ಬರುತ್ತದೆ. ಇನ್ನು ಒಳಗೆ ಸಿಕ್ಕಿಸಿದ ಪಿನ್ನು, ಕ್ಲಿಪ್ಪುಗಳು ಬಿದ್ದಾಗ ಯಾವ ದಿಕ್ಕಿಗೆ ಹೊರಡುತ್ತವೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೂದಲಿದ್ದವಳು ಹೇಗೆ ತುರುಬು ಕಟ್ಟಿದರೂ ಚೆಂದ ಎಂದವರು ಎತ್ತಿನ ಗಾಡಿಗಿಂತ ಎತ್ತರಕ್ಕೆ ಹತ್ತಿದವರಲ್ಲ.

ಹೆಲ್ಮೆಟ್ಟಿಗೆ ಸರ್ಟಿಫಿಕೇಟು ಕೊಡುವ ಪ್ರಯೋಗಾಲಯಗಳಲ್ಲಿ ಒಂದು ಲೋಹದ ತಲೆ ಇರುತ್ತದೆ. ಅದಕ್ಕೆ ಹೆಲ್ಮೆಟ್ ತೊಡಿಸಿ ಸುಮಾರು ಆರಡಿ ಎತ್ತರದಿಂದ ಉಕ್ಕಿನ ದಿಮ್ಮಿಯ ಮೇಲೆ ಬೀಳಿಸುತ್ತಾರೆ. ಗೊರಸಿನ ಅಂಚನ್ನು ನೆನಪಿಸುವ ಚೂಪು ದಿಮ್ಮಿಯ ಮೇಲೆ ಇನ್ನೊಮ್ಮೆ. ಆ ತಲೆ ಪೂರ್ತಿ ಬೋಳು. ಎಣ್ಣೆಯಿಲ್ಲ, ಸಿಕ್ಕಿಲ್ಲ, ಸಂಜೆ ಆರತಕ್ಷತೆಗೆ ಹೋಗಬೇಕೆಂಬ ಚಿಂತೆಯಿಲ್ಲ. ಈ ಭೂಮಿಯ ಮೇಲೆ ಹೆಲ್ಮೆಟ್ ತಯಾರಕರು ಹೇಳಿದಂತೆಯೇ ಹೆಲ್ಮೆಟ್ ಹಾಕಿಕೊಳ್ಳುವ ಸವಾರ ಅವನೊಬ್ಬನೇ. ಅಮೆರಿಕ, ಬ್ರಿಟನ್ನಿನ ಕಪ್ಪು ಜನಾಂಗದ ಸವಾರರು ಈ ಬೋಳುತಲೆಯ ನ್ಯಾಯವನ್ನು ಪ್ರಶ್ನಿಸುತ್ತ ಬಂದಿದ್ದಾರೆ. ಬಿಗಿಯಾಗಿ ಹೆಣೆದ ನೂರಾರು ಎಳೆಜಡೆಗಳನ್ನೂ ದಪ್ಪ ಗುಂಗುರನ್ನೂ ಯಾವ ಹೇರ್‌ನೆಟ್ಟಿಗೆ ತುಂಬುವುದು? ಅಚ್ಚುಕಟ್ಟು ಎಂಬುದನ್ನು ತೆಳ್ಳನೆಯ ನೇರ ಕೂದಲಿನ ಅಳತೆಯಲ್ಲಿ ಹೊಲಿದಿಟ್ಟವರು ಅವರಿಗೆ ಕೊಡುವ ಸಲಹೆ ಒಂದೇ, ಕತ್ತರಿಸಿಕೊಳ್ಳಿ ಎಂದು. ತಲೆಗೆ ಹೆಲ್ಮೆಟ್ ಕತ್ತರಿಸುವುದಕ್ಕಿಂತ ಹೆಲ್ಮೆಟ್ಟಿಗೆ ತಲೆ ಕತ್ತರಿಸುವುದು ಸುಲಭವಲ್ಲವೇ.

ನಮ್ಮ ಬೆಂಗಳೂರೂ ಹಿಂದೆ ಬಿದ್ದಿಲ್ಲ. ನಮ್ಮೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ತಂದರು, 2023ರಲ್ಲಿ ಹಾಂಗ್‌ಝೌನಲ್ಲಿ ಭಾರತದ ಡ್ರೆಸ್ಸಾಜ್ ತಂಡ ಚಿನ್ನವನ್ನೇ ತಂದಿತು. ನಾಲ್ವರ ತಂಡದಲ್ಲಿ ಇಬ್ಬರು ಹೆಣ್ಣುಮಕ್ಕಳು. ಈಗ ನಗರದ ಹೊರವಲಯದ ರೈಡಿಂಗ್ ಶಾಲೆಗಳಲ್ಲಿ ಭಾನುವಾರ ಬೆಳಗ್ಗೆ ಕಾರುಗಳ ಸಾಲು. ಒಂದು ಪ್ಲಾಸ್ಟಿಕ್ ಡಬ್ಬದಲ್ಲಿ ಹೆಲ್ಮೆಟ್ಟುಗಳ ರಾಶಿ. ಹೋದ ಬ್ಯಾಚಿನ ಬೆವರು ಇನ್ನೂ ಆರಿರುವುದಿಲ್ಲ.

“ಮೇಡಂ, ಈ ಕ್ಲಚ್ ತೆಗೀಬೇಕು,” ಎನ್ನುತ್ತಾರೆ ಸೇನೆಯಿಂದ ನಿವೃತ್ತರಾಗಿ ಬಂದ ದಫೇದಾರರು.

“ಅಯ್ಯೋ, ಬೇಡ ಸರ್, ಕೂದಲು ಬಿಚ್ಚೋಗುತ್ತೆ. ನಿನ್ನೆ ತಾನೇ ಪಾರ್ಲರ್‌ನಲ್ಲಿ ಸ್ಟ್ರೇಟನಿಂಗ್ ಮಾಡಿಸಿದ್ದು.”

“ಹಂಗಾದ್ರೆ ಇದು ಕೂರಲ್ಲ ಮೇಡಂ.”

“ಇನ್ನೊಂಚೂರು ಲೂಸಾಗಿರೋದು ಕೊಡಿ ಸರ್. ಪುಟ್ಟಿಗೆ ಟೈಟಾದ್ರೆ ತಲೆನೋವು ಬರುತ್ತೆ.”

ದಫೇದಾರರು ಎಷ್ಟೋ ಬಿರುಸು ಕುದುರೆಗಳನ್ನು ಪಳಗಿಸಿದವರು. ಅಪ್ಪ ಅಮ್ಮಂದಿರನ್ನು ಪಳಗಿಸುವ ವಿದ್ಯೆಯನ್ನು ಸೇನೆಯಲ್ಲಿ ಕಲಿಸಿರಲಿಲ್ಲ. ಹುಬ್ಬಿನ ಮೇಲೆ ಎರಡು ಬೆರಳು ಜಾಗ, ಗಲ್ಲದ ಪಟ್ಟಿಯೊಳಗೆ ಒಂದು ಬೆರಳು, ತಲೆ ಅಲ್ಲಾಡಿಸಿದರೆ ಹಣೆಯ ಚರ್ಮವೂ ಜೊತೆಗೆ ಅಲ್ಲಾಡಬೇಕು ಎಂದು ಅವರು ಹೇಳುವುದನ್ನು ಪುಟ್ಟಿ ಕೇಳುತ್ತಾಳೆ, ಅಪ್ಪ ವಿಡಿಯೋ ಮಾಡುತ್ತಿರುತ್ತಾನೆ. ಮನೆಯಲ್ಲಿ ಅಜ್ಜಿ ಎಣ್ಣೆ ಹಚ್ಚಿ ಕತ್ತಿನ ಬುಡದಿಂದ ಎಳೆದು ಹೆಣೆಯುತ್ತಿದ್ದ ಜಡೆಯಿದ್ದರೆ ಡಬ್ಬದ ಮೊದಲನೇ ಹೆಲ್ಮೆಟ್ಟೇ ಕೂರುತ್ತಿತ್ತು. ಅದಕ್ಕೆ ಮುಡಿಸುವ ಮಲ್ಲಿಗೆಯನ್ನಷ್ಟೇ ಮನೆಯಲ್ಲಿ ಬಿಟ್ಟು ಬರಬೇಕು. ಸ್ಕೂಟರಿನಲ್ಲಿ ಬಂದ ಕೆಲವರು ಪೊಲೀಸರ ಕಣ್ಣಿಗೆಂದು ತುರುಬಿನ ಮೇಲೆ ಇಟ್ಟುಕೊಂಡ ಹಾಫ್ ಹೆಲ್ಮೆಟ್ಟನ್ನೇ ತೋರಿಸಿ, ಇದೇ ಸಾಕಲ್ಲವೇ ಎನ್ನುತ್ತಾರೆ. ಲಾಯದಲ್ಲಿ ಪೊಲೀಸರೇ ಇಲ್ಲವಲ್ಲ, ಅದಾದರೂ ಯಾಕೆ?

ಪ್ರೀ-ವೆಡ್ಡಿಂಗ್ ಶೂಟಿನ ಜೋಡಿಗಳ ಸುದ್ದಿ ಬೇರೆಯೇ. ಬಿಚ್ಚಿದ ಕೂದಲು ಗಾಳಿಗೆ ಹಾರಬೇಕು, ಕೆಳಗೆ ಕುದುರೆ ಓಡಬೇಕು, ಹಿಂದೆ ಡ್ರೋನ್ ಗುಯ್ಗುಟ್ಟಬೇಕು. ದ್ರೌಪದಿ ಮುಡಿ ಬಿಚ್ಚಿದ್ದಕ್ಕೆ ಕುರುಕ್ಷೇತ್ರವಾಯಿತು. ಇಲ್ಲಿ ಡ್ರೋನಿನ ಸದ್ದಿಗೆ ಕುದುರೆ ಬೆದರಿದರೆ ಸಾಕು. ಹಾರುವ ಕೂದಲು ಕಣ್ಣಿಗೇ ಅಡ್ಡ ಬರುತ್ತದೆ, ಲಗಾಮಿಗೆ ಸುತ್ತಿಕೊಳ್ಳುತ್ತದೆ. ಗಂಡಸರು ನಗುವುದು ಬೇಡ. ಹೆಲ್ಮೆಟ್ ಹಾಕಿದರೆ ಕೂದಲುದುರುತ್ತದೆ ಎಂದು ನಂಬಿ, ಉದುರಬೇಕಾದ್ದು ಅಪ್ಪ ತಾತಂದಿರ ಕಾಲದಲ್ಲೇ ನಿಶ್ಚಯವಾಗಿದೆ ಎಂದರೂ ಒಪ್ಪದೆ, ಜೆಲ್ ಹಾಕಿ ನಿಲ್ಲಿಸಿದ ನಾಲ್ಕೆಳೆಗೆ ಪೂರ್ತಿ ಬುರುಡೆಯನ್ನೇ ಅಡವಿಡುವವರು ನಾವು. ಈಚೆಗೆ ಉದ್ದ ಕೂದಲು ಬಿಟ್ಟು ನೆತ್ತಿಯ ಮೇಲೆ ಗಂಟು ಕಟ್ಟುವ ಹುಡುಗರಂತೂ ಸಾವಿರಾರು ವರ್ಷ ಹೆಂಗಸರು ಪಟ್ಟ ಪಾಡನ್ನು ಒಂದೇ ತಿಂಗಳಲ್ಲಿ ಕಲಿತಿದ್ದಾರೆ.

ಇಷ್ಟೆಲ್ಲ ಗೋಳು ತಯಾರಕರ ಕಿವಿಗೆ ಬೀಳುವುದಿಲ್ಲವೆಂದಲ್ಲ. ಹೊಸ ಮಾದರಿಗಳು ಬರುತ್ತಲೇ ಇವೆ. ನೆತ್ತಿಯ ಪಟ್ಟಿಗೆ ಸ್ವರೋವ್ಸ್ಕಿ ಹರಳು ಕೂರಿಸಿದ ಹೆಲ್ಮೆಟ್ಟುಗಳು ಸಿಗುತ್ತವೆ. ಬೆಲೆಗೆ ನಮ್ಮೂರಲ್ಲಿ ಸೆಕೆಂಡ್‌ಹ್ಯಾಂಡ್ ಸ್ಕೂಟರ್ ಬರುತ್ತದೆ. ಹೊರಗೆ ಅಷ್ಟು ಹರಳಿಗೆ ಜಾಗ ಹುಡುಕಿದವರಿಗೆ ಒಳಗೆ ಒಂದು ಜಡೆಗೆ ಜಾಗ ಸಿಕ್ಕುವುದು ಅಪರೂಪ. ಹೆಲ್ಮೆಟ್ ಒಮ್ಮೆ ಜೋರಾಗಿ ನೆಲಕ್ಕೆ ಬಡಿದರೆ ಒಳಗಿನ ಥರ್ಮೋಕೋಲ್ ತಮ್ಮನ ಆಯಸ್ಸು ಮುಗಿಯಿತು, ಬಿರುಕು ಕಾಣದಿದ್ದರೂ ಬದಲಿಸಬೇಕು ಎಂದು ಅದರ ಜೊತೆಗೆ ಬರುವ ಚೀಟಿಯಲ್ಲೇ ಬರೆದಿರುತ್ತದೆ. ಹರಳುಗಳಿಗೆ ಏನೂ ಆಗಿರುವುದಿಲ್ಲ, ಥಳಥಳ ಹೊಳೆಯುತ್ತಿರುತ್ತವೆ. ಅಂಥದ್ದನ್ನು ಎಸೆಯಲು ಯಾರಿಗೆ ಮನಸ್ಸು ಬರುತ್ತದೆ? ಒರೆಸಿ, ಹೊಸದಾಗಿ ಕಲಿಯುವ ಮಕ್ಕಳಿಗೆ ಇರಲಿ ಎಂದು ರೈಡಿಂಗ್ ಶಾಲೆಯ ಡಬ್ಬಕ್ಕೆ ದಾನ ಕೊಡುತ್ತಾರೆ.