ಮಲಗಿದ ಮಾರುತಿ, ಎಚ್ಚರವಿರುವ ಮಾವ

ನಾಸಿಕದಲ್ಲಿರುವ ಕನ್ನಡಿಗರಿಗೆ ಮೇ ತಿಂಗಳೆಂದರೆ ಬಿಸಿಲಿಗಿಂತ ಮೊದಲು ನೆಂಟರು. ರಾಮಕುಂಡದ ಸ್ನಾನ, ಪಂಚವಟಿ, ತ್ರ್ಯಂಬಕೇಶ್ವರ, ಹಾಗೇ ಮುಂದಕ್ಕೆ ಎಲ್ಲೋರಾ. ಲಾಡ್ಜಿನ ಖರ್ಚಿಲ್ಲದೆ ಇಷ್ಟು ಪುಣ್ಯ ಸಿಗುವಾಗ ಯಾರು ಬಿಟ್ಟಾರು? ಬರಿಗೈಲಿ ಮಾತ್ರ ಯಾರೂ ಬರುವುದಿಲ್ಲ. ಗುರೆಳ್ಳು ಚಟ್ನಿಪುಡಿ, ಖಡಕ್ ರೊಟ್ಟಿ, ಜೊತೆಗೆ ಸುತಳಿ ಬಿಗಿದ ‘ಸುಧಾ’, ‘ಮಯೂರ’ದ ಹಳೆ ಸಂಚಿಕೆಗಳ ಕಟ್ಟು. ಆ ಕಟ್ಟು ತಂದವರು ನಮ್ಮ ಮನೆಯಲ್ಲಿ ಎಷ್ಟು ದಿನ ಬೇಕಾದರೂ ಇರಬಹುದು. ಮಧ್ಯಾಹ್ನ ಕೂಲರಿನೆದುರು ಚಾಪೆ ಹಾಸಿಕೊಂಡು, ಪನ್ಹೆ ಗುಟುಕರಿಸುತ್ತ, ಕಳೆದ ವರ್ಷದ ವಾರಭವಿಷ್ಯ ಓದಿ ನೋಡಿ. ಧನನಷ್ಟ ಎಂದಿದ್ದರೂ ಹೆದರಬೇಕಿಲ್ಲ, ಅದು ಆಗಿಹೋಗಿರುತ್ತದೆ.

ತಾಪತ್ರಯವೇನಿದ್ದರೂ ಗಂಗಾವತಿಯ ಮಾವನದು. ಅವರ ಊರಿನ ಹತ್ತಿರ, ಆನೆಗೊಂದಿಯ ಪಕ್ಕ, ಅಂಜನಾದ್ರಿ ಇದೆ. 575 ಮೆಟ್ಟಿಲು, ಹನುಮ ಹುಟ್ಟಿದ್ದು ಅಲ್ಲೇ. ನಾಸಿಕದಿಂದ ತ್ರ್ಯಂಬಕಕ್ಕೆ ಹೋಗುವ ದಾರಿಯಲ್ಲಿ ಅಂಜನೇರಿ ಇದೆ. ಹನುಮ ಹುಟ್ಟಿದ್ದು ಇಲ್ಲೇ. 2021ರಲ್ಲಿ ತಿರುಪತಿಯವರು, ಎರಡೂ ಅಲ್ಲ, ನಮ್ಮ ತಿರುಮಲದಲ್ಲಿ ಎಂದರು. ಇದನ್ನು ಬಗೆಹರಿಸಲೆಂದೇ 2022ರ ಮೇ ತಿಂಗಳಲ್ಲಿ ನಾಸಿಕದಲ್ಲಿ ಸಾಧುಸಂತರ ಸಭೆ ಸೇರಿತು. ಕೂರುವ ಜಾಗದ ತಕರಾರಿನಿಂದ ಶುರುವಾದದ್ದು ಮೈಕು ಎತ್ತಿಕೊಳ್ಳುವವರೆಗೆ ಹೋಯಿತು. ಹನುಮನ ವಿಷಯ ಇದ್ದಲ್ಲೇ ಉಳಿಯಿತು.

ಆ ಸಭೆಯನ್ನು ಮಾವ ಪ್ರತಿ ಬೇಸಿಗೆ ನಮ್ಮ ಊಟದ ಮನೆಯಲ್ಲಿ ಮುಂದುವರಿಸುತ್ತಾರೆ. ಪ್ರತಿವಾದಿ ಮೇಲಿನ ಮನೆಯ ಮರಾಠಿ ಅಜ್ಜಿ. ಅವರಿಗೆ ಕನ್ನಡ ಬಾರದು, ಇವರಿಗೆ ಮರಾಠಿ ಬಾರದು. ಹೀಗಾಗಿ ದಿನಾ ಇಬ್ಬರೂ ಗೆಲ್ಲುತ್ತಾರೆ. ಅಜ್ಜಿ ಆಮ್ರಸದ ಪಾತ್ರೆ ಇಟ್ಟುಹೋದ ಮೇಲೆ ಮಾವ ತೋರುಬೆರಳಿನಿಂದ ಬಟ್ಟಲಿನ ಅಂಚು ಸವರುತ್ತ, “ಹೆಣ್ಣುಮಗಳು ಛಲೋ, ಇತಿಹಾಸ ಅಷ್ಟ ಗೊತ್ತಿಲ್ಲ” ಎನ್ನುತ್ತಾರೆ.

ಮುಂದಿನ ಮುಕ್ಕಾಂ ಛತ್ರಪತಿ ಸಂಭಾಜಿನಗರ, ತಂಗಿಯ ಮನೆ. ಅಲ್ಲಿ ‘ಕನ್ನಡ’ ಎಂದು ಬೋರ್ಡು ಹಾಕಿಕೊಂಡ ಬಸ್ಸು ಕಂಡು ಮಾವನ ಎದೆ ಉಬ್ಬಿತು. ಅದು ಅದೇ ಜಿಲ್ಲೆಯ ಒಂದು ತಾಲ್ಲೂಕು ಎಂದು ಹೇಳಲು ನಮಗ್ಯಾರಿಗೂ ಮನಸ್ಸಾಗಲಿಲ್ಲ. ಎಲ್ಲೋರಾದ ದಾರಿಯುದ್ದಕ್ಕೂ, ಕೈಲಾಸ ಕೊರೆಸಿದ ರಾಷ್ಟ್ರಕೂಟರ ಒಂದನೆಯ ಕೃಷ್ಣ ನಮ್ಮವನು ಎಂಬ ಉಪನ್ಯಾಸ. ಹೋಗಿ ನೋಡಿದರೆ ಬಾಗಿಲು ಹಾಕಿದೆ. ಅಂದು ಮಂಗಳವಾರ.

ಸರಿ, ಹತ್ತಿರದ ಖುಲ್ದಾಬಾದಿಗೆ ಹೋದೆವು. ಅಲ್ಲಿ ಭದ್ರಾ ಮಾರುತಿ. ಬೆಟ್ಟ ಹೊತ್ತಿಲ್ಲ, ಗದೆ ಎತ್ತಿಲ್ಲ. ಮೈತುಂಬ ಸಿಂಧೂರ ಬಳಿದುಕೊಂಡು ಆರಾಮಾಗಿ ಮಲಗಿದ್ದಾನೆ. ಮಾವ ಬಗ್ಗಿ ನೋಡಿದರು. ಹುಟ್ಟಿದೂರಿನ ಮಾತು ಬರುತ್ತದೆಂದು ನಾವು ಕಾದೆವು. “ಪಾಪ, ಮಕ್ಕೊಳ್ಳಲಿ ಬಿಡು. ನಾವೆಲ್ಲಿ ನಿದ್ದಿ ಮಾಡಾಕ ಬಿಟ್ಟೀವಿ?” ಎಂದರು. ತೆಂಗಿನಕಾಯಿಯನ್ನೂ ಆಚೆ ಹೋಗಿ ಒಡೆದರು.

ಎಲ್ಲೋರಾ ನೋಡಲು ಹೊರಟವರು ಮಂಗಳವಾರ ತಪ್ಪಿಸಿ. ಮಾವನಂಥವರು ಜೊತೆಗಿದ್ದರೆ ಮಾತ್ರ ಮಂಗಳವಾರವೇ ಹೋಗಿ.