ಲೆಕ್ಕ ತಪ್ಪದೆ ಸೋಲುವವರು

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಶನಿವಾರ ರಾತ್ರಿ ಪೋಕರ್ ಆಡಲು ಕೂರುವವರ ನಡುವೆ ಶಾಸ್ತ್ರಜ್ಞ ಎಂಬ ಒಂದು ಪ್ರಭೇದವಿದೆ. ಎಲೆ ಮುಟ್ಟುವುದಕ್ಕೆ ಮೊದಲು ಪುಸ್ತಕ ಮುಟ್ಟಿದವನು ಇವನು. ಡೇವಿಡ್ ಸ್ಕ್ಲಾನ್ಸ್ಕಿಯ 'ದಿ ಥಿಯರಿ ಆಫ್ ಪೋಕರ್' ಓದಿರುತ್ತಾನೆ, ಡಾಯ್ಲ್ ಬ್ರನ್ಸನ್‌ನ 'ಸೂಪರ್ ಸಿಸ್ಟಮ್' ಓದಿರುತ್ತಾನೆ, ಇವೆರಡನ್ನೂ ಓದಿರುವ ಸಂಗತಿ ಮೇಜಿನವರಿಗೆಲ್ಲ ತಿಳಿದಿರುವಂತೆ ನೋಡಿಕೊಂಡಿರುತ್ತಾನೆ. ಕೈಗೆ ಎರಡೆಲೆ ಬರುವ ಬಗೆ 1,326. ಯಾವ ಜಾತಿ ಎಂಬುದನ್ನು ಬಿಟ್ಟು ಗುಂಪು ಮಾಡಿದರೆ 169. ಅದರಲ್ಲಿ ಬೇರೆ ಬೇರೆ ಜಾತಿಯ ಏಳು-ಎರಡು ಎಲ್ಲಕ್ಕಿಂತ ಕಳಪೆ. ಇದೆಲ್ಲ ಅವನಿಗೆ ಬಾಯಿಪಾಠ. ಆದ್ದರಿಂದ ಹತ್ತು ಸಲ ಎಲೆ ಹಂಚಿದರೆ ಎಂಟು ಸಲ ಪ್ಯಾಕ್ ಆಗಿ, ಕಾಂಗ್ರೆಸ್ ಕಡ್ಲೇಬೀಜ ತಿನ್ನುತ್ತ ಉಳಿದವರ ಮುಖ ಅಧ್ಯಯನ ಮಾಡುತ್ತಾನೆ.

ಉಳಿದವರು ಬಂದಿರುವುದು ಮೂರೆಲೆ ಆಟದಿಂದ. ಅಲ್ಲಿ ಎಲೆ ನೋಡದೆ ಬ್ಲೈಂಡ್ ಆಡುವವನು ಹಾಕಿದ್ದರ ಎರಡರಷ್ಟನ್ನಾದರೂ ನೋಡಿ ಆಡುವವನು ಹಾಕಬೇಕು. ಕಣ್ಣುಮುಚ್ಚಿ ಆಡುವುದಕ್ಕೆ ಅಲ್ಲಿ ರಿಯಾಯಿತಿ ಉಂಟು, ಗೌರವವೂ ಉಂಟು. ಆ ಸಂಸ್ಕಾರ ಪೋಕರಿಗೆ ಬಂದ ಮೇಲೂ ಬಿಡುವುದಿಲ್ಲ. 1968ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದು ತೀರ್ಪು ಕೊಟ್ಟಿದ್ದನ್ನು ಶಾಸ್ತ್ರಜ್ಞ ಆಗಾಗ ನೆನಪಿಸುತ್ತಾನೆ. ಮೂರೆಲೆ ಬರೀ ಅದೃಷ್ಟದ ಆಟ ಎಂಬ ಮಾತೂ ಅದೇ ತೀರ್ಪಿನಲ್ಲಿದೆ. ಎದುರಿಗೆ ಕೂತವರು ಅದನ್ನು ಮೆಚ್ಚುಗೆಯೆಂದೇ ತಿಳಿಯುತ್ತಾರೆ.

ಈ ಪಕ್ಷದ ನಾಯಕ ಸಾಮಾನ್ಯವಾಗಿ ಮನೆಯ ಯಜಮಾನನ ಸೋದರಮಾವ. ನೆಲಮಂಗಲದ ಕಡೆ ಸೈಟು ಕೊಡಿಸುವ ವ್ಯವಹಾರ, ಮೇಜಿನವರಿಗೆಲ್ಲ ಮಾವನೇ. ಒಂದು ಮಾದರಿ ಆಟ ಹೀಗೆ ಸಾಗುತ್ತದೆ. ಶಾಸ್ತ್ರಜ್ಞನ ಕೈಯಲ್ಲಿ ಎಕ್ಕ-ರಾಜ. ಪುಸ್ತಕದಲ್ಲಿ ಹೇಳಿದಷ್ಟು ರೇಸ್ ಮಾಡುತ್ತಾನೆ. ಒಬ್ಬರೋ ಇಬ್ಬರೋ ಉಳಿಯಬೇಕಾದಲ್ಲಿ ನಾಲ್ವರು ಉಳಿಯುತ್ತಾರೆ. ಮೇಜಿನ ಮೇಲೆ ಎಕ್ಕ, ಏಳು, ನಾಲ್ಕು ಬೀಳುತ್ತವೆ. ಮತ್ತೆ ದುಡ್ಡು ಹಾಕುತ್ತಾನೆ. ಮೂವರು ಹೋಗುತ್ತಾರೆ, ಮಾವ ಹೋಗುವುದಿಲ್ಲ. ಆಮೇಲೆ ಒಂಬತ್ತು. ಶಾಸ್ತ್ರಜ್ಞ ಇನ್ನಷ್ಟು ಹಾಕುತ್ತಾನೆ, ಮಾವ ಫೋನಿನಲ್ಲಿ ಯಾರಿಗೋ ಖಾತೆ ವಿಷಯ ಹೇಳುತ್ತಲೇ ಅಷ್ಟನ್ನೂ ಮುಂದೆ ತಳ್ಳುತ್ತಾನೆ. ಕೊನೆಯ ಎಲೆ ಎರಡು. ಮಾವ ಏಳು-ಎರಡು ಬಿಚ್ಚಿಡುತ್ತಾನೆ.

"ಏಳು-ಎರಡು ಇಟ್ಕೊಂಡು ಇಷ್ಟು ದೂರ ಬಂದ್ರಾ ಮಾವ?"

"ಏನೋಪ್ಪಾ, ನಾನು ಹುಟ್ಟಿದ್ದು ಎರಡನೇ ತಾರೀಕು. ನೋಡೇಬಿಡೋಣ ಅನ್ನಿಸ್ತು."

"ನಲವತ್ನಾಲ್ಕು ಎಲೆ ಉಳಿದಿತ್ತು. ಅದರಲ್ಲಿ ನಿಮಗಾಗೋದು ಐದೇ ಐದು ಎಲೆ!"

"ಒಂದು ಸಾಕಲ್ಲಪ್ಪಾ."

ಶಾಸ್ತ್ರಜ್ಞನ ಲೆಕ್ಕ ಸರಿ. ಕೊನೆಯ ಎಲೆಗೆ ಮಾವನ ಭರವಸೆ ನೂರಕ್ಕೆ ಹನ್ನೊಂದು ಚಿಲ್ಲರೆ, ಅಷ್ಟೇ. ಹಾಗಾದರೆ ಶಾಸ್ತ್ರ ಗೆಲ್ಲುತ್ತದೆಯೇ? ಗೆಲ್ಲುತ್ತದೆ, ಮಾವನಂಥವರ ಎದುರು ಇನ್ನೂ ಜೋರಾಗಿ ಗೆಲ್ಲುತ್ತದೆ. ಆದರೆ ಗೆಲುವು ನೋಡಲು ಸೋಲಿನ ಹಾಗೇ ಇರುತ್ತದೆ. ಜೋಡಿ ಎಕ್ಕ ಹಿಡಿದವನ ಎದುರು ಯಾವುದೋ ಎಲೆ ಹಿಡಿದ ಒಬ್ಬನೇ ಇದ್ದರೆ ನೂರರಲ್ಲಿ ಸುಮಾರು 85 ಸಲ ಎಕ್ಕದ್ದೇ ಗೆಲುವು. ಅಂಥವರು ಐವರು ಕೊನೆಯವರೆಗೂ ನಿಂತರೆ ಅದು 49ಕ್ಕೆ ಇಳಿಯುತ್ತದೆ. 'ಈ ಜನರ ಜೊತೆ ಆಡೋಕಾಗಲ್ಲ' ಎಂದು ಶಾಸ್ತ್ರಜ್ಞ ತಲೆ ಚಚ್ಚಿಕೊಳ್ಳುವುದು ಇಲ್ಲೇ. ದುಡ್ಡಿನ ಲೆಕ್ಕ ಬೇರೆಯೇ ಹೇಳುತ್ತದೆ. ತಲೆಗೆ 500 ರೂಪಾಯಿಯಂತೆ ಹಾಕಿದರೆ ಒಬ್ಬನ ಎದುರು ಸರಾಸರಿ 850 ಮರಳುತ್ತದೆ, ಲಾಭ 350. ಐವರ ಎದುರು ಪಾಟ್ 3,000; ಸರಾಸರಿ 1,470 ಮರಳುತ್ತದೆ, ಲಾಭ 970. ಸೋಲುವ ಸಲ ಹೆಚ್ಚು, ಗಳಿಕೆ ಸುಮಾರು ಮೂರು ಪಟ್ಟು. ಕಷ್ಟವೇನೆಂದರೆ ಜೋಡಿ ಎಕ್ಕ ಬರುವುದು 221 ಕೈಗೆ ಒಮ್ಮೆ, ಹರಟೆಯ ನಡುವೆ ಗಂಟೆಗೆ ಇಪ್ಪತ್ತೈದು ಕೈ ಆದರೆ ಹೆಚ್ಚು. ಸರಾಸರಿ ತನ್ನ ಮಾತು ಉಳಿಸಿಕೊಳ್ಳಲು ತಿಂಗಳುಗಟ್ಟಲೆ ಶನಿವಾರ ಬೇಕು. ಅಷ್ಟು ವ್ಯವಧಾನ ಪುಸ್ತಕದಲ್ಲಿ ಬರೆದಿದೆ, ಓದಿದವನಲ್ಲಿಲ್ಲ.

ಅದಕ್ಕೇ ಅವನು ಬ್ಲಫ್‌ಗೆ ಇಳಿಯುತ್ತಾನೆ. ಸಾವಿರದ ಪಾಟಿಗೆ 500 ಹಾಕಿ ಹೆದರಿಸಿದರೆ ಮೂರರಲ್ಲಿ ಒಂದು ಸಲ ಎದುರಾಳಿ ಓಡಿಹೋದರೂ ಅಸಲಿಗೆ ಮೋಸವಿಲ್ಲ. ಲೆಕ್ಕ ಚೊಕ್ಕವಾಗಿದೆ, ಮಾವ ಓಡುವುದಿಲ್ಲ. ಹೆದರಬೇಕಾದರೆ ಎದುರಿನವನ ಕೈಯಲ್ಲಿ ಏನಿರಬಹುದೆಂದು ಯೋಚಿಸಬೇಕು, ಮಾವ ತನ್ನ ಕೈಯಲ್ಲೇನಿದೆ ಎಂಬುದನ್ನೇ ಎರಡೆರಡು ಸಲ ನೋಡುವವನು. ಅವನಿಗೆ ಬ್ಲಫ್ ಮಾಡುವುದು ಕಿವುಡನ ಮುಂದೆ ಪಿಸುಮಾತಿನಲ್ಲಿ ಬೆದರಿಕೆ ಹಾಕಿದಂತೆ. ಒಳ್ಳೆಯ ಎಲೆ ಬಂದಾಗ ಧಾರಾಳವಾಗಿ ಹಾಕು, ಬರದಿದ್ದಾಗ ಸುಮ್ಮನಿರು: ಇಂಥ ಮೇಜಿಗೆ ಬೇಕಾದ ಶಾಸ್ತ್ರ ಒಂದೂವರೆ ಸಾಲಿನದು. ನಾನೂರು ಪುಟ ಓದಿದವನಿಗೆ ಇದು ಅವಮಾನ.

ಸೋತ ರಾತ್ರಿಗಳನ್ನು ಶಾಸ್ತ್ರಜ್ಞ ಎಕ್ಸೆಲ್ ಹಾಳೆಯಲ್ಲಿ ದಾಖಲಿಸುತ್ತಾನೆ. ಅದರಲ್ಲಿ 'ದುರದೃಷ್ಟ' ಎಂಬ ಕಾಲಮ್ಮು ಇರುತ್ತದೆ, 'ಅದೃಷ್ಟ' ಇರುವುದಿಲ್ಲ. ಗೆದ್ದಿದ್ದೆಲ್ಲ 'ಕೌಶಲ'ಕ್ಕೆ ಜಮೆ.

ಆದರೆ ಅವನಿಗೆ ನಿಜವಾದ ನಷ್ಟ ತರುವುದು ಅವನ ಪಾಠ. ಸೋತೊಡನೆ ಮಾವನಿಗೆ ತಪ್ಪು ತಿಳಿಸಿಕೊಡದೆ ಅವನಿಗೆ ನಿದ್ದೆ ಬಾರದು. ತನ್ನ ಸಂಪಾದನೆಯೆಲ್ಲ ಆ ತಪ್ಪಿನಿಂದಲೇ ಬರಬೇಕು ಎಂಬುದು ಆ ಗಳಿಗೆಯಲ್ಲಿ ಮರೆತುಹೋಗಿರುತ್ತದೆ. ಮೊದಮೊದಲು ಅಪಾಯವಿಲ್ಲ. ಬ್ರನ್ಸನ್ 1976 ಮತ್ತು 1977ರ ವಿಶ್ವ ಸರಣಿಗಳೆರಡನ್ನೂ ಹತ್ತು-ಎರಡು ಹಿಡಿದೇ ಮುಗಿಸಿದ ಎಂಬ ಕತೆ ಹೇಳಿದ್ದೇ ತಡ, ಮಾವ ಹತ್ತು-ಎರಡು ಎಸೆಯುವುದನ್ನೇ ಬಿಟ್ಟ. ಕ್ರಮೇಣ ಪಾಠ ಹತ್ತುತ್ತದೆ. "ಎಷ್ಟೆಲೆ ಉಳಿದಿದೆ ಅಂದೆ?" ಎಂದು ಕೇಳಿ, ಬೆರಳು ಮಡಿಸಿ, ಮಾವ ಏಳು-ಎರಡನ್ನು ಪಕ್ಕಕ್ಕಿಡುತ್ತಾನೆ. ಉಳಿದವರೂ ಹಾಗೇ ಮಾಡತೊಡಗುತ್ತಾರೆ. ಎಲ್ಲರೂ ಎಲೆ ಎಸೆಯುವ ಮೇಜಿನಲ್ಲಿ ದುಡ್ಡು ಅಲುಗುವುದಿಲ್ಲ, ಹತ್ತೂವರೆಗೆಲ್ಲ ಎಲ್ಲರಿಗೂ ಬೇಸರ. ಆಗ ಯಾರೋ ಒಬ್ಬರು ಮೂರೆಲೆ ಹಾಕೋಣ ಎನ್ನುತ್ತಾರೆ. ಶಾಸ್ತ್ರಜ್ಞನೂ ಕೂರುತ್ತಾನೆ, ಪ್ರತಿ ಸಲವೂ ಎಲೆ ನೋಡಿಯೇ ಆಡುತ್ತಾನೆ, ಎರಡರಷ್ಟು ಕಟ್ಟುತ್ತಾನೆ.