ಡ್ರೈ ಕಾಂಟ್ಯಾಕ್ಟಿನ ನೀರಾವರಿ

22 ವರ್ಷದಿಂದ ರೌಟರುಗಳನ್ನು ನಂಬಿ ಹೊಟ್ಟೆ ಹೊರೆಯುತ್ತಿದ್ದೇನೆ. ಎಲ್ಲೆಲ್ಲಿಯದೋ ಡೇಟಾ ಸೆಂಟರುಗಳಲ್ಲಿ ಕೂತ, ಬೀರುವಿನಷ್ಟು ದೊಡ್ಡ ರೌಟರುಗಳನ್ನು ಬೆಂಗಳೂರಿನ ಮನೆಯ ಊಟದ ಮೇಜಿನಿಂದಲೇ ಪಳಗಿಸಿದವನು ನಾನು. ಆದರೆ ಸಾಗರದ ಕಡೆಯ ನಮ್ಮೂರಲ್ಲಿ ನನ್ನ ಕೆಲಸಕ್ಕಿರುವ ಹೆಸರು ‘ಕಂಪ್ಯೂಟರ್ ರಿಪೇರಿ’. ಒಮ್ಮೆ ಮದುವೆ ಮನೆಯಲ್ಲಿ ಇನ್ನೇನು ಪಾಯಸ ಬರಬೇಕು, ಅಷ್ಟರಲ್ಲಿ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ತೆಗೆಸಲು ದೊಡ್ಡಮ್ಮ ನನ್ನನ್ನು ಪಂಕ್ತಿಯಿಂದ ಎಬ್ಬಿಸಿದರು. ಕಾಗದ ಅರ್ಧ ಹರಿದು ಬಂತು. ಉಳಿದರ್ಧ ಈಗಲೂ ಒಳಗೇ ಇರಬೇಕು.

ಇಂಥವನಿಗೆ ಊರಿನ ಕಣ್ಣಿಗೆ ಕಾಣುವಂಥದ್ದೇನಾದರೂ ಮಾಡಿ ತೋರಿಸಬೇಕೆಂಬ ಚಪಲ ಹುಟ್ಟಿದ್ದು ಅಪ್ಪಯ್ಯನ ಬ್ಯಾಟರಿಯಿಂದ. ಬ್ಯಾಟರಿ ಎಂದರೆ ನಮ್ಮಲ್ಲಿ ಟಾರ್ಚು. ಅಡಿಕೆ ತೋಟದ ಬಾವಿಗೆ 5 ಎಚ್‌ಪಿ ಮೋಟಾರು, ಗುಡ್ಡದ ಮೇಲೆ ಟ್ಯಾಂಕು, ಅಲ್ಲಿಂದ ಇಳಿಜಾರಿನಲ್ಲಿ ತೋಟಕ್ಕೆ ನೀರು. ತ್ರೀ ಫೇಸ್ ಕರೆಂಟು ಬರುವುದು ಪಾಳಿಯ ಮೇಲೆ. ಒಂದು ವಾರ ಹಗಲಾದರೆ ಇನ್ನೊಂದು ವಾರ ನಡುರಾತ್ರಿ. ಎಪ್ಪತ್ತು ದಾಟಿದ ಅಪ್ಪಯ್ಯ ರಾತ್ರಿ ಒಂದು ಗಂಟೆಗೆ ಬ್ಯಾಟರಿ ಹಿಡಿದು, ಹಾವಿಗೆ ಕೇಳಲೆಂದು ಕಾಲು ಕುಟ್ಟುತ್ತ ಪಂಪ್‌ಹೌಸಿಗೆ ಇಳಿಯುತ್ತಾರೆ ಎಂದು ಅಮ್ಮ ಫೋನಿನಲ್ಲಿ ಅತ್ತರು. ‘ಬಿಡಮ್ಮ, ಎಸ್ಸೆಮ್ಮೆಸ್ ಮಾಡಿದರೆ ಮೋಟಾರು ಹತ್ತುವ ಹಾಗೆ ಮಾಡುತ್ತೇನೆ’ ಎಂದುಬಿಟ್ಟೆ. ಅಂಥದ್ದಕ್ಕೆಂದೇ ಮೊಬೈಲ್ ಸ್ಟಾರ್ಟರ್ ಎಂಬ ಡಬ್ಬಿ ಪೇಟೆಯ ಪ್ರತಿ ಪಂಪ್‌ಸೆಟ್ ಅಂಗಡಿಯಲ್ಲೂ ಸಿಗುತ್ತದೆ, ಆಚೆ ಮನೆಯವರು ಮೂರು ವರ್ಷದಿಂದ ಇಟ್ಟುಕೊಂಡಿದ್ದಾರೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಅದು ಅಂಗಡಿಯ ಮಾಲು. ನಾನು ನೆಟ್‌ವರ್ಕ್ ಎಂಜಿನಿಯರು.

ತರಿಸಿದ್ದು ಕಾರ್ಖಾನೆಗಳಿಗೆ ಮಾಡಿದ ಒಂದು ಗಟ್ಟಿ ರೌಟರು. ಸಿಮ್ ಹಾಕಬಹುದು, 12 ವೋಲ್ಟಿನ ಬ್ಯಾಟರಿಯಲ್ಲಿ ನಡೆಯುತ್ತದೆ. ಬೆನ್ನಿಗೆ ನಾಲ್ಕು ತಂತಿಯ ಪುಟ್ಟ ಸಾಕೆಟ್ಟು: ಕೆಂಪು ಪ್ಲಸ್, ಕಪ್ಪು ಗ್ರೌಂಡ್, ಹಸಿರು ಡಿಜಿಟಲ್ ಇನ್‌ಪುಟ್, ಬಿಳಿ ಡಿಜಿಟಲ್ ಔಟ್‌ಪುಟ್. ಇಡೀ ವೃತ್ತಿಜೀವನದಲ್ಲಿ ನಾನು ಆ ಹಸಿರು–ಬಿಳಿ ತಂತಿಗಳನ್ನು ತುಂಡರಿಸಿ ಕಸಕ್ಕೆ ಹಾಕಿದವನೇ ಹೊರತು ಅವು ಯಾತಕ್ಕೆಂದು ಕೇಳಿದವನಲ್ಲ. ಟ್ಯಾಂಕಿನ ಫ್ಲೋಟ್ ಸ್ವಿಚ್ಚು ಹಸಿರಿಗೆ, ಮೋಟಾರಿನ ಸ್ಟಾರ್ಟರು ಬಿಳಿಗೆ. ಮುಗಿಯಿತಲ್ಲ!

ಯುಗಾದಿ ರಜೆಗೆ ಊರಿಗೆ ಹೋದವನು ಮದುವೆ ಕಾಗದವೊಂದರ ಹಿಂಬದಿಗೆ ನಕ್ಷೆ ಬರೆದೆ. ಇಂಟರ್ನೆಟ್ಟನ್ನು ಇವತ್ತಿಗೂ ಕಟ್ಟಿ ನಿಲ್ಲಿಸಿರುವ ಬಿಜಿಪಿ ಎಂಬ ನಿಯಮಾವಳಿಯನ್ನು 1989ರಲ್ಲಿ ಇಬ್ಬರು ಎಂಜಿನಿಯರುಗಳು ಊಟದ ಹೊತ್ತಿನಲ್ಲಿ ಕೈ ಒರೆಸುವ ಕಾಗದದ ಮೇಲೆ ಗೀಚಿದ್ದರಂತೆ. ಅವರದ್ದು ನಡೆಯಿತು. ನನ್ನದರಲ್ಲಿ ಒಂದು ಬದಿಗೆ ಗಣಪತಿಯ ಚಿತ್ರವೇ ಇತ್ತು, ಆದರೂ ನಡೆಯಲಿಲ್ಲ.

ಮೊದಲ ದಿನವಿಡೀ ಬಿಳಿ ತಂತಿಯ ಜೊತೆ ಜಗಳ. ಸೆಟ್ಟಿಂಗ್ ಪುಟದಲ್ಲಿ ಔಟ್‌ಪುಟ್ ಆನ್ ಮಾಡಿ, ಬಿಳಿ ಮತ್ತು ಕಪ್ಪಿನ ನಡುವೆ ಮೀಟರು ಇಟ್ಟೆ. ಸೊನ್ನೆ. ಆಫ್ ಮಾಡಿದೆ. ಸೊನ್ನೆ. ಮಾಲು ಕೆಟ್ಟಿದೆಯೆಂದು ತೀರ್ಮಾನಿಸಿ, ವಾಪಸು ಕಳಿಸುವ ಇಮೇಲನ್ನೂ ಖಾರವಾಗಿಯೇ ಬರೆದೆ. ಕಳಿಸುವ ಮೊದಲು ಯಾಕೋ ಕೈಪಿಡಿ ತೆರೆದೆ. ನಮ್ಮ ವೃತ್ತಿಯಲ್ಲಿ ಕೈಪಿಡಿ ಓದುವುದೆಂದರೆ ಸೋಲೊಪ್ಪಿಕೊಂಡ ಹಾಗೆ. ಅಲ್ಲಿ ‘ಓಪನ್ ಕಲೆಕ್ಟರ್’ ಎಂದಿತ್ತು. ಔಟ್‌ಪುಟ್ ಎಂಬ ಹೆಸರಿಟ್ಟುಕೊಂಡ ಆ ಪಿನ್ನು ಹೊರಗೆ ಏನನ್ನೂ ಕೊಡುವುದಿಲ್ಲ. ಆನ್ ಆದಾಗ ತನ್ನನ್ನು ತಾನು ಗ್ರೌಂಡಿಗೆ ಸೇರಿಸಿಕೊಳ್ಳುತ್ತದೆ, ಅಷ್ಟೇ. ಬಚ್ಚಲ ತೂಬಿದ್ದ ಹಾಗೆ. ತೂಬು ತೆಗೆದರೆ ನೀರು ಹೋಗುತ್ತದೆ ನಿಜ, ಹಂಡೆಗೆ ನೀರು ಹೊಯ್ಯುವವರು ನಾವು. ನಾನು ಖಾಲಿ ಬಚ್ಚಲಲ್ಲಿ ತೂಬನ್ನು ತೆಗೆದು ಹಾಕಿ, ತೆಗೆದು ಹಾಕಿ, ನಲ್ಲಿ ಕೆಟ್ಟಿದೆ ಎನ್ನುತ್ತಿದ್ದೆ.

ಅಪ್ಪಯ್ಯ ಜಗುಲಿಯಿಂದ ಕೂಗಿ ಕೇಳಿದರು, ‘ಆತನಾ?’

‘ಆಗ್ತಾ ಇದೆ, ಅಪ್ಪಯ್ಯ.’

ಇನ್ನೊಂದು ಪುಟ ತಿರುವಿದರೆ, ಆ ಪಿನ್ನು ತಡೆದುಕೊಳ್ಳುವುದು 30 ವೋಲ್ಟು, ಆಂಪಿಯರಿನ ಕಾಲು ಭಾಗ. ನಮ್ಮ ಸ್ಟಾರ್ಟರಿನೊಳಗಿನ ಕಾಯಿಲಿಗೆ ಹೋಗುವುದು 415 ವೋಲ್ಟು. ಗಣಪತಿಯ ನಕ್ಷೆಯಲ್ಲಿ ನಾನು ಇವೆರಡನ್ನೂ ನೇರ ಗೆರೆಯಲ್ಲಿ ಕೂಡಿಸಿದ್ದೆ. ಆ ಗೆರೆ ತಂತಿಯಾಗಿದ್ದರೆ ಈ ಲೇಖನ ಬರೆಯಲು ನಾನಿದ್ದರೂ ರೌಟರಂತೂ ಇರುತ್ತಿರಲಿಲ್ಲ. ನಡುವೆ ಒಂದು ರಿಲೇ ಬೇಕು, ರಿಲೇಯ ಕಾಯಿಲಿಗೆ ಅಡ್ಡವಾಗಿ ಒಂದು ಡಯೋಡು ಬೇಕು. ಇಲ್ಲದಿದ್ದರೆ ಆಫ್ ಮಾಡಿದಾಗಲೆಲ್ಲ ಕಾಯಿಲು ತಿರುಗಿ ಒದೆಯುತ್ತದೆ. ರಿಲೇ, ಡಯೋಡುಗಳಿಗೆಂದು ಸಾಗರದ ಪೇಟೆಗೆ ಹೋಗಿಬಂದೆ. ಎರಡೂ ಸೇರಿ ನೂರು ರೂಪಾಯಿ ದಾಟಲಿಲ್ಲ. ಬಸ್ಸು, ಮಸಾಲೆದೋಸೆ ಇತ್ಯಾದಿ ಅದಕ್ಕಿಂತ ಹೆಚ್ಚಾಯಿತು.

ಎರಡನೇ ದಿನ ರಿಲೇ ‘ಟಿಕ್’ ಎಂದಿತು. ಆ ಸದ್ದಿನ ಸುಖವನ್ನು ಹೇಗೆ ಹೇಳಲಿ! 22 ವರ್ಷದಲ್ಲಿ ನಾನು ಮಾಡಿದ ಯಾವ ಕೆಲಸವೂ ಸದ್ದು ಮಾಡಿರಲಿಲ್ಲ. ಹತ್ತಾರು ಸಲ ಟಿಕ್ ಅನ್ನಿಸಿದೆ, ಅಮ್ಮನನ್ನು ಅಡುಗೆಮನೆಯಿಂದ ಕರೆದು ಕೇಳಿಸಿದೆ. ಆಮೇಲೆ ರಿಲೇಯ ಎರಡು ಕಾಲನ್ನು ಸ್ಟಾರ್ಟರಿನ ಹಸಿರು ಗುಂಡಿಯ ಹಿಂದೆ ಕೂಡಿಸಿ, ತೆಂಗಿನಕಾಯಿ ತರಿಸಿದೆ.

ಉದ್ಘಾಟನೆ ಅಪ್ಪಯ್ಯನ ಕೈಯಿಂದ. ಇಲ್ಲಿ ನನ್ನ ಆಫೀಸಿನ ಚಾಳಿ ಕೈಕೊಟ್ಟಿತು. ಯಾರೋ ಕಳ್ಳರು ನಮ್ಮ ಅಡಿಕೆ ತೋಟಕ್ಕೆ ಹೊರದೇಶದಿಂದ ನೀರು ಬಿಟ್ಟಾರು ಎಂಬ ಭಯದಿಂದ, ರೌಟರಿಗೆ 14 ಅಕ್ಷರದ ಪಾಸ್‌ವರ್ಡು ಇಟ್ಟಿದ್ದೆ: ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ನಡುವೆ ಒಂದು ನಕ್ಷತ್ರ. ಅಪ್ಪಯ್ಯನದ್ದು ಗುಂಡಿ ಒತ್ತುವ ಫೋನು. ಒಂದೊಂದು ಅಕ್ಷರಕ್ಕೆ ಮೂರು ಮೂರು ಸಲ ಒತ್ತಬೇಕು. ಒಂದು ಸಲ ಹೆಚ್ಚು ಒತ್ತಿದರೆ ಮತ್ತೆ ಮೊದಲಿಂದ. ನಕ್ಷತ್ರ ಹುಡುಕುವುದರೊಳಗೆ ಕಾಯಿ ಒಡೆಯಲು ಬಂದಿದ್ದ ಮಾವ ಮನೆಗೆ ಹೋಗಿ ಕಾಫಿ ಕುಡಿದು ಬಂದರು.

‘ಇಷ್ಟು ಹೊತ್ತಿಗೆ ಎರಡು ಸಲ ಪಂಪ್‌ಹೌಸಿಗೆ ಹೋಗಿ ಬರ್ತಿದ್ದೆ’ ಎಂದರು ಅಪ್ಪಯ್ಯ. ಅವರೇನೂ ವ್ಯಂಗ್ಯವಾಡಿದ್ದಲ್ಲ, ಲೆಕ್ಕ ಹೇಳಿದ್ದು.

ಕೊನೆಗೂ ಸಂದೇಶ ಹೋಯಿತು, ಟಿಕ್ ಎಂದಿತು, ಮೋಟಾರು ಹತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಈಗ ಆಫ್. ಸಂದೇಶ ಹೋಯಿತು, ಟಿಕ್ ಎಂದಿತು, ಮೋಟಾರು ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ಮತ್ತೊಮ್ಮೆ. ಟಿಕ್. ಮೋಟಾರಿಗೆ ಕಿವಿಯೇ ಇಲ್ಲ. ನಾನು ಲ್ಯಾಪ್‌ಟಾಪು ತೆರೆದು ದಾಖಲೆ ಶೋಧಿಸುತ್ತ ಕೂತೆ. ಅಪ್ಪಯ್ಯ ನನ್ನನ್ನು ದಾಟಿಕೊಂಡು ಹೋಗಿ ಕೆಂಪು ಗುಂಡಿ ಒತ್ತಿ ಬಂದರು.

ಮೋಟಾರು ವೈಂಡಿಂಗ್ ಅಂಗಡಿಯ ಮೇಸ್ತ್ರಿಯನ್ನು ಕರೆಸಬೇಕಾಯಿತು. ಆತ ಸ್ಟಾರ್ಟರಿನ ಮುಚ್ಚಳ ತೆಗೆದು ನೋಡಿ, ನನ್ನ ಮುಖವನ್ನೂ ಒಮ್ಮೆ ನೋಡಿದ. ‘ಸಾರ್, ಹಸಿರು ಗುಂಡಿ ಒತ್ತಿ ಕೈ ಬಿಟ್ಟ ಮೇಲೂ ಮೋಟಾರು ಓಡ್ತದಲ್ಲ, ಯಾಕೆ?’ ಎಂದ. ಹುಟ್ಟಿದಾಗಿನಿಂದ ನೋಡಿದ್ದೇನೆ; ಯಾಕೆಂದು ಯೋಚಿಸಿದ್ದಿಲ್ಲ. ಒಮ್ಮೆ ಎಳೆದುಕೊಂಡ ಕಾಯಿಲು ತನ್ನದೇ ಒಂದು ಕಾಂಟ್ಯಾಕ್ಟಿನ ಮೂಲಕ ತನಗೆ ತಾನೇ ಕರೆಂಟು ಕೊಟ್ಟುಕೊಂಡು ಹಿಡಿದಿರುತ್ತದೆ, ಕೆಂಪು ಗುಂಡಿ ಆ ದಾರಿಯನ್ನು ಕಡಿಯುವವರೆಗೆ. ಅಂದರೆ ಹಸಿರು ಗುಂಡಿ ಎಬ್ಬಿಸುವುದಕ್ಕೆ ಮಾತ್ರ, ಮಲಗಿಸುವುದಕ್ಕಲ್ಲ. ಆತ ಒಂದು ತಂತಿ ಕಳಚಿ, ರಿಲೇ ಹಿಡಿದಿರುವಷ್ಟು ಹೊತ್ತು ಮಾತ್ರ ಮೋಟಾರು ಓಡುವ ಹಾಗೆ ಮಾಡಿ, ಹೋಗುವಾಗ ಕೇಳಿದ: ‘ತಾವು ಕೆಲಸ ಮಾಡೋದು ಎಂತದು ಸಾರ್?’

‘ಕಂಪ್ಯೂಟರ್ ರಿಪೇರಿ’ ಎಂದೆ.

ಇನ್ನುಳಿದದ್ದು ಹಸಿರು ತಂತಿ. ಫ್ಲೋಟ್ ಸ್ವಿಚ್ಚಿಗೆ ತನ್ನದೇ ಕರೆಂಟಿಲ್ಲ, ಬರೀ ಕೂಡುವುದು, ಬಿಡುವುದು. ಇಂಥದ್ದಕ್ಕೆ ‘ಡ್ರೈ ಕಾಂಟ್ಯಾಕ್ಟ್’ ಎನ್ನುತ್ತಾರೆ. ಹಗಲೂ ರಾತ್ರಿ ನೀರಲ್ಲಿ ತೇಲುವ ವಸ್ತುವಿಗೆ ಡ್ರೈ ಎಂದು ಹೆಸರಿಟ್ಟವನು ಮಲೆನಾಡಿನವನಂತೂ ಅಲ್ಲ. ಗುಡ್ಡದಿಂದ ಅಡಿಕೆ ಮರದಿಂದ ಮರಕ್ಕೆ ಕೇಬಲು ಎಳೆದು, ಉದ್ದ ಸಾಲದ ಕಡೆ ಎರಡು ತುದಿ ಹೊಸೆದು ಟೇಪು ಸುತ್ತಿದೆ. ಸೆಟ್ಟಿಂಗಿನಲ್ಲಿ ನಿಯಮ ಬರೆದೆ: ಫ್ಲೋಟು ಕೆಳಗಿಳಿದರೆ ಸ್ವಿಚ್ಚು ಕೂಡುತ್ತದೆ; ಕೂಡಿದರೆ ಒಂದು; ಒಂದಾದರೆ ಟ್ಯಾಂಕು ಖಾಲಿ; ಖಾಲಿಯಾದರೆ ಮೋಟಾರು ಆನ್; ನನಗೊಂದು ಎಸ್ಸೆಮ್ಮೆಸ್. ಎಷ್ಟು ಸೆಕೆಂಡು ಕಾದು ಖಚಿತಪಡಿಸಿಕೊಳ್ಳಲಿ ಎಂದು ರೌಟರು ವಿನಯದಿಂದ ಕೇಳಿತು. ಸೊನ್ನೆ ಎಂದೆ. ನಮ್ಮಲ್ಲಿ ನಿಧಾನವೆಂದರೆ ಅವಮಾನ.

ಶುಕ್ರವಾರ ಸಂಜೆ ಯಾವ ನೆಟ್‌ವರ್ಕನ್ನೂ ಮುಟ್ಟಬಾರದು ಎಂಬುದು ನಮ್ಮ ಕಸುಬಿನ ಏಕಾದಶಿ. ಹುಡುಗರಿಗೆ ಅದನ್ನು ಬೋಧಿಸುವವನೇ ನಾನು. ಆ ಶುಕ್ರವಾರ ಸಂಜೆ ಏಳಕ್ಕೆ ನಿಯಮವನ್ನು ಜಾರಿಗೆ ತಂದು, ರಾತ್ರಿ ಬೆಂಗಳೂರಿನ ಸ್ಲೀಪರ್ ಬಸ್ಸಿನ ಮೇಲಿನ ಬರ್ತು ಹತ್ತಿದೆ.

ಶಿವಮೊಗ್ಗ ಬರುವ ಮೊದಲೇ ಫೋನು ಗುರ್ರೆಂದಿತು. ‘ಟ್ಯಾಂಕು ಖಾಲಿ.’ ಖುಷಿಯಾಯಿತು. ‘ಟ್ಯಾಂಕು ತುಂಬಿದೆ.’ ಇಷ್ಟು ಬೇಗ? ‘ಟ್ಯಾಂಕು ಖಾಲಿ.’ ‘ಟ್ಯಾಂಕು ತುಂಬಿದೆ.’ ‘ಟ್ಯಾಂಕು ಖಾಲಿ.’ ಊರಲ್ಲಿ ಗಾಳಿ ಎದ್ದಿತ್ತು, ಅಡಿಕೆ ಮರಗಳು ತೂಗುತ್ತಿದ್ದವು, ನಾನು ಹೊಸೆದ ಗಂಟು ಒಮ್ಮೆ ತಾಗಿ ಒಮ್ಮೆ ಬಿಡುತ್ತಿತ್ತು ಎಂದು ಆಮೇಲೆ ತಿಳಿಯಿತು. ಪಕ್ಕದ ಬರ್ತಿನವರು ಭದ್ರಾವತಿಯಲ್ಲಿ ಪರದೆ ಸರಿಸಿ, ‘ಮನೆಯಲ್ಲಿ ಯಾರಿಗಾದರೂ ಹುಷಾರಿಲ್ವಾ?’ ಎಂದು ಕೇಳಿದರು. ತರೀಕೆರೆ ದಾಟುವಾಗ ಸದ್ದು ಒಮ್ಮೆಲೇ ನಿಂತಿತು. ಇನ್ನು ಸ್ಥಿರವಾಯಿತು ಎಂದುಕೊಂಡು ಹಾಯಾಗಿ ನಿದ್ದೆ ಮಾಡಿದೆ. ಸ್ಥಿರವಾದದ್ದಲ್ಲ. ಸಿಮ್ಮಿನ ಪ್ಯಾಕಿನಲ್ಲಿ ದಿನಕ್ಕೆ 100 ಎಸ್ಸೆಮ್ಮೆಸ್, ಅದು ಖರ್ಚಾಗಿತ್ತು.

ಬೆಳಿಗ್ಗೆ ಆರಕ್ಕೆ ಅಪ್ಪಯ್ಯನ ಫೋನು. ‘ಮಳೆ ಬಂದಿಲ್ಲ, ಆದ್ರೆ ಅಂಗಳದಲ್ಲಿ ಹೊಳೆ ಬಂದಿದೆ ಮಾರಾಯ.’ ಟ್ಯಾಂಕು ರಾತ್ರಿಯಿಡೀ ಉಕ್ಕಿ, ಗುಡ್ಡ ಇಳಿದು, ಟಾರ್ಪಾಲಿನಲ್ಲಿ ಮುಚ್ಚಿಟ್ಟಿದ್ದ ಕಾಳುಮೆಣಸನ್ನು ತೋಟಕ್ಕೆ ಹೊತ್ತುಕೊಂಡು ಹೋಗಿತ್ತು. ಬಾವಿಯ ತಳ ಕಾಣುತ್ತಿತ್ತು. ಮೋಟಾರು ಸುಡದೆ ಉಳಿದದ್ದು ಅಮ್ಮನ ಪುಣ್ಯ.

ತಪ್ಪು ಒಂದೇ ಒಂದು ಅಂಕಿಯದ್ದು. ಡ್ರೈ ಕಾಂಟ್ಯಾಕ್ಟಿನ ಲೆಕ್ಕವೇ ತಿರುಗುಮುರುಗು: ರೌಟರು ಹಸಿರು ತಂತಿಯನ್ನು ಒಳಗಿನಿಂದ ಮೇಲೆ ಹಿಡಿದಿರುತ್ತದೆ, ಅದು ‘ಒಂದು’, ಸ್ವಿಚ್ಚು ಕೂಡಿ ಗ್ರೌಂಡಿಗೆ ತಾಗಿದರೆ ‘ಸೊನ್ನೆ’. ನಮ್ಮಜ್ಜಿಯ ಮಡಿಯ ಹಾಗೆ, ಮುಟ್ಟದಿದ್ದರೆ ಒಂದು, ಮುಟ್ಟಿದರೆ ಹೋಯಿತು. ಇಂಥ ಮನೆಯಲ್ಲೇ ಬೆಳೆದೂ ನನಗೆ ಹೊಳೆಯಲಿಲ್ಲ. ಟ್ಯಾಂಕು ತುಂಬಿ ಫ್ಲೋಟು ಮೇಲೆದ್ದು ಸ್ವಿಚ್ಚು ಬಿಟ್ಟಾಗ ರೌಟರು ‘ಒಂದು’ ಎಂದಿತು, ನನ್ನ ನಿಯಮ ಅದನ್ನು ‘ಖಾಲಿ’ ಎಂದು ಓದಿತು. ಹಾಗಾಗಿ ತುಂಬಿದಷ್ಟೂ ತುಂಬಿಸಿತು.

ಮುಂದಿನ ವಾರ ಅಪ್ಪಯ್ಯ ನನಗೆ ಹೇಳದೆ ಪೇಟೆಯಿಂದ ಮೊಬೈಲ್ ಸ್ಟಾರ್ಟರ್ ತಂದು ಹಾಕಿಸಿದರು. ನನ್ನ ರೌಟರಿನ ಕಾಲು ಬೆಲೆಯೂ ಇಲ್ಲ. ಫೋನು ಮಾಡಿ ಒಂದು ಒತ್ತಿದರೆ ಆನ್, ಎರಡು ಒತ್ತಿದರೆ ಆಫ್. ಮೋಟಾರು ಚಾಲೂ ಆಗಿದೆಯೆಂದು ಹೆಣ್ಣುದನಿಯೊಂದು ಕನ್ನಡದಲ್ಲೇ ಹೇಳುತ್ತದೆ. ಅಪ್ಪಯ್ಯ ಪ್ರತಿ ಸಲವೂ ‘ಆತು ತಂಗಿ’ ಎಂದು ಉತ್ತರ ಕೊಟ್ಟೇ ಫೋನು ಇಡುತ್ತಾರಂತೆ. ರೌಟರು ಈಗ ಜಗುಲಿಯಲ್ಲಿದೆ, ವೈಫೈಗೆ. ಹಸಿರು, ಬಿಳಿ ತಂತಿಗಳು ಗೋಡೆಯ ಮೇಲೆ ಸುಮ್ಮನೆ ನೇತಾಡುತ್ತವೆ.

ಮೊನ್ನೆ ಫೋನಿನಲ್ಲಿ ಅಪ್ಪಯ್ಯ ಅದೂ ಇದೂ ಮಾತಾಡಿ, ಕೊನೆಗೆ ಮೆಲ್ಲಗೆ ಕೇಳಿದರು: ‘ಆ ನಿನ್ನ ಡಬ್ಬಿಗೆ ತೋಟಕ್ಕೆ ಮಂಗ ಬಂದ್ರೆ ಗೊತ್ತಾಗ್ತದನಾ?’

ನಾನು ಆಗಲೇ ಲ್ಯಾಪ್‌ಟಾಪು ತೆರೆದಿದ್ದೆ. ಕಾಯುವ ಸಮಯ: 5 ಸೆಕೆಂಡು. ಮಂಗ ಬಂದರೆ ಒಂದೋ ಸೊನ್ನೆಯೋ ಎಂಬಲ್ಲಿ ನಿಂತಿದ್ದೇನೆ.